ಮುನ್ನೂರ ಹನ್ನೆರಡನೆಯ ಬೆಸುಗೆ

ಪ್ಲಾಸ್ಟಿಕ್ ಪೈಪುಗಳ ಬೆಸುಗೆ ಪರೀಕ್ಷಿಸುವುದು ನನ್ನ ಕೆಲಸ. ಹೊಸಪೇಟೆಯಲ್ಲಿ ಹಾಗೆಂದರೆ "ಅಂದ್ರ ಪ್ಲಂಬರ್ರಾ?" ಎನ್ನುತ್ತಾರೆ. ಅಲ್ಲ. ಬಸುರಿಯ ಹೊಟ್ಟೆಗೆ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ನಾನು ಅದನ್ನೇ ಪೈಪಿಗೆ ಮಾಡುತ್ತೇನೆ. ಬೆಸೆದ ಜಾಗಕ್ಕೆ ಜೆಲ್ ಸವರಿ ಪ್ರೋಬನ್ನು ಸುತ್ತಲೂ ಆಡಿಸಿದರೆ ಒಳಗಿನ ಬಿರುಕು, ಧೂಳು, ಗಾಳಿಗುಳ್ಳೆ ಎಲ್ಲ ಪರದೆಯ ಮೇಲೆ ಚುಕ್ಕೆಗಳಾಗಿ ಬರುತ್ತವೆ. ಬೆಸುಗೆ ಚೆನ್ನಾಗಿದ್ದರೆ ಏನೂ ಕಾಣುವುದಿಲ್ಲ.

ವೆಲ್ಡರ್ ಹಂಪೇಶ್ ಅವರ ಬೆಸುಗೆಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಮುನ್ನೂರ ಹನ್ನೊಂದು ಬೆಸುಗೆ, ಒಂದೂ ರಿಜೆಕ್ಟ್ ಇಲ್ಲ. ಸಂಡೂರಿನಿಂದ ಚೋರನೂರಿನ ಕಡೆಗೆ ಕುಡಿಯುವ ನೀರಿನ ಪೈಪು ಹಾಕುವ ಕೆಲಸ. ಅದಿರಿನ ಲಾರಿ ಹೋದಾಗಲೆಲ್ಲ ಕೆಂಪು ಧೂಳು. ಬೇರೆ ವೆಲ್ಡರುಗಳು ತಮ್ಮ ಮೂಗು ಮುಚ್ಚಿಕೊಂಡರೆ ಈ ಮನುಷ್ಯ ಪೈಪಿನ ಬಾಯಿ ಮುಚ್ಚುತ್ತಿದ್ದರು. ಸುತ್ತ ತಾಡಪಾಲು ಕಟ್ಟಿ, ಎರಡು ಪೈಪುಗಳ ತುದಿಯನ್ನು ಕಾದ ತಟ್ಟೆಗೆ ಒತ್ತಿ ಕರಗಿಸಿ, ತಟ್ಟೆ ತೆಗೆದು ಒಂದಕ್ಕೊಂದು ಕೂಡಿಸುವ ಆ ಎಂಟು ಸೆಕೆಂಡು ಯಾರೂ ಉಸಿರೆತ್ತುವಂತಿರಲಿಲ್ಲ. ಒಮ್ಮೆ ಫೋನ್ ಬಡಿದುಕೊಂಡಿತೆಂದು ಇಂಜಿನಿಯರ್ ಅಂಜಿನಯ್ಯನವರನ್ನೇ ಆಚೆ ಕಳಿಸಿದ್ದರು. ಕೂಡಿಸಿದ ಮೇಲೆ ಅದು ತಾನಾಗಿ ಆರುವವರೆಗೆ ಪಕ್ಕದಲ್ಲೇ ಕೂರುತ್ತಿದ್ದರು. ಬೇರೆಯವರಂತೆ ಒದ್ದೆ ಗೋಣಿಚೀಲ ಹೊದಿಸಿ ಜಲ್ದಿ ಆರಿಸಿದವರಲ್ಲ.

ಕಂಪ್ಲಿಯವರು. ನಲವತ್ತೆರಡು ವರ್ಷ, ಹೆಂಡತಿ ತೀರಿಕೊಂಡು ಆರು ವರ್ಷ. ನನಗೆ ಮೂವತ್ತೆಂಟು, ಮದುವೆಯಾಗಿಲ್ಲ. "ನಮ್ಮ ಗಂಗೋತ್ರಿಗೆ ಬಂದ ಗಂಡಿನಾಗೆಲ್ಲ ಬರೇ ಚುಕ್ಕಿ ಕಾಣ್ತಾವ" ಎಂದು ಅಕ್ಕ ವಿರುಪಮ್ಮ ಆಡಿಕೊಳ್ಳುತ್ತಾಳೆ. ಹಂಪೇಶ್ ದಿನಾ ಬೆಳಗ್ಗೆ ಊರಿನಿಂದ ಮಂಡಕ್ಕಿ ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡು ಬಂದು, ಒಂದು ಪೊಟ್ಟಣವನ್ನು ನನ್ನ ಮಷೀನಿನ ಪೆಟ್ಟಿಗೆಯ ಮೇಲಿಟ್ಟು, "ಒಂದು ಹೆಚ್ಚಾಗಿತ್ರಿ ಮೇಡಂ" ಎನ್ನುತ್ತಿದ್ದರು. ಹದಿನಾಲ್ಕು ತಿಂಗಳು ದಿನವೂ ಒಂದು ಹೆಚ್ಚಾಗುವ ಹೋಟೆಲು ಯಾವುದೋ, ನಾನು ಕೇಳಲಿಲ್ಲ. ಭಾನುವಾರ ಮನೆಯಲ್ಲಿ ತಿಂಡಿ ಸೇರುತ್ತಿರಲಿಲ್ಲ. ಅವರು ನನಗೆ ಬೇಕಾಗಿದ್ದರು, ಅಷ್ಟೇ ವಿಷಯ. ಬಾಯಿಬಿಟ್ಟು ಹೇಳಲು ಮಾತ್ರ ನನ್ನ ಹಾಳು ಜಂಬ ಅಡ್ಡ ಬಂತು.

ಕೊನೆಯ ವಾರ ಗೊತ್ತಾಯಿತು: ಭಾನುವಾರ ಅವರ ತಂಡ ಗುಜರಾತಿಗೆ ಹೊರಡುತ್ತದೆ, ಅಲ್ಲಿ ಮೂರು ವರ್ಷದ ಕೆಲಸ. ಅವರ ಮುನ್ನೂರ ಹನ್ನೆರಡನೆಯ ಬೆಸುಗೆ ನನ್ನ ಮುಂದಿತ್ತು. ಒಂದು ರಿಜೆಕ್ಟ್ ಆದರೆ ವೆಲ್ಡರ್ ಅದನ್ನು ಕತ್ತರಿಸಿ ಮತ್ತೆ ಬೆಸೆಯಬೇಕು, ಅವನ ಹಿಂದಿನ ಹತ್ತನ್ನು ಅಗೆದು ತೆಗೆದು ಮತ್ತೆ ಪರೀಕ್ಷಿಸಬೇಕು. ಅದಕ್ಕೆ ಹದಿನೈದು ದಿನ.

ಪರದೆ ಖಾಲಿಯಿತ್ತು. ನಾನು ಮಷೀನಿನ ಗೇನ್, ಅಂದರೆ ಅದರ ಸೂಕ್ಷ್ಮತೆ, ಏರಿಸಿದೆ. ರೇಡಿಯೋದ ಸದ್ದನ್ನು ಅತಿ ಮಾಡಿದರೆ ಬರೀ ಗೊರಗೊರ ಕೇಳುತ್ತದಲ್ಲ, ಹಾಗೆ ಗೇನ್ ಏರಿಸಿದರೆ ಎಂಥ ಒಳ್ಳೆಯ ಬೆಸುಗೆಯಲ್ಲೂ ಚುಕ್ಕೆ ಏಳುತ್ತವೆ. ಎದ್ದವು. ಪೈಪಿನ ಮೇಲೆ ಕೆಂಪು ಪೇಂಟಿನಿಂದ ಅಡ್ಡಗೆರೆ ಎಳೆದೆ. ಹದಿನೈದು ದಿನದಲ್ಲಿ ಹೇಗಾದರೂ ಹೇಳಿಬಿಡೋಣ ಎಂದುಕೊಂಡೆ.

ಅವರು ವಾದಿಸಲಿಲ್ಲ. ಎರಡು ದಿನ ಬಿಟ್ಟು, ಕತ್ತರಿಸಿದ ಬೆಸುಗೆಯ ನಾಲ್ಕು ಪಟ್ಟಿ ಹಿಡಿದು ನನ್ನ ಶೆಡ್ಡಿಗೆ ಬಂದರು.

"ಕೊಯ್ದು ಬಗ್ಗಿಸಿ ನೋಡೀನ್ರಿ. ಎಲ್ಲೂ ಬಾಯಿ ಬಿಡವಲ್ದು. ತಪ್ಪು ಎಲ್ಲೈತಿ, ಒಂದೀಟು ತೋರಸ್ರಿ."

"ಒಳಗ ಇರ್ತೈತ್ರಿ" ಎಂದೆ.

"ಇರ್ತೈತಿ ಬಿಡ್ರಿ. ಮಷೀನು ಸುಳ್ಳು ಹೇಳ್ತೈತೇನು." ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ನನ್ನ ಕೈಗೇ ತಿಳೀದಂಗ ತಪ್ಪಾತು ಅಂದ್ರ ಇನ್ನ ಆ ಮುನ್ನೂರರಾಗ ಏನೇನು ಅದಾವೋ. ನಾನು ಗುಜರಾತಿಗೆ ಹೋಗಂಗಿಲ್ರಿ. ಕಂಪ್ಲ್ಯಾಗ ನಮ್ಮ ಮಾವಂದು ರೈಸ್ ಮಿಲ್ ಐತಿ, ಅಲ್ಲೇ ಇರ್ತೀನಿ. ಈ ಕೆಲಸ ಸಾಕು."

ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ. ನಾನು ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ನೋಡಿದೆ ಕೂಡ. ಆದರೆ ಅವರು ಪಟ್ಟಿಯನ್ನು ಮತ್ತೆ ಮತ್ತೆ ಬಗ್ಗಿಸಿ, ಇಲ್ಲದ ಬಿರುಕನ್ನು ಉಗುರಿನಿಂದ ಹುಡುಕುತ್ತಿದ್ದರು.

"ತಪ್ಪಿಲ್ರಿ ಅದ್ರಾಗ. ನಾನೇ ಗೇನ್ ಏರ್ಸಿ ಚುಕ್ಕಿ ಬರ್ಸಿದೆ, ನೀವು ಹೋಗಬಾರ್ದು ಅಂತ. ನೀವು ಬೇಕ್ರಿ ನನಗ."

ಅವರು ಪಟ್ಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು.

"ಹದಿನಾಕು ತಿಂಗಳು ಇತ್ತಲ್ರಿ ಮೇಡಂ. ಇರ್ರಿ ಅಂದಿದ್ರ ಇರ್ತಿದ್ದೆ."

"ಈಗ ಅಂತೀನಿ. ಇರ್ರಿ."

"ನನ್ನ ಕೈಗಿಂತ ನಿಮ್ಮನ್ನ ಹೆಚ್ಚು ನಂಬಿದ್ದೆ" ಎಂದರು, ಸಿಟ್ಟಿಲ್ಲದೆ. "ಈಗ ನೀವು ಬೇಕು ಅಂದ್ರ, ಅದು ಖರೇನೋ ಸುಳ್ಳೋ ನಾನು ಹೆಂಗ ತಿಳಕೊಳ್ಳಲಿ?"

ನಾನು ಕಾಗದ ಎಳೆದುಕೊಂಡು ಕೂತೆ.

ಅಂಜಿನಯ್ಯನವರಿಗೆ ನಡೆದದ್ದೆಲ್ಲ ಬರೆದುಕೊಟ್ಟೆ. ಅವರು ನನ್ನನ್ನು ಸೈಟಿನಿಂದ ತೆಗೆದರು, ತೆಗೆಯಬೇಕಾದದ್ದೇ. ಕತ್ತರಿಸಿದ ಜಾಗವನ್ನು ಹಂಪೇಶ್ ಅವರೇ ಮತ್ತೆ ಬೆಸೆದರು. ಪರೀಕ್ಷೆಗೆ ಬೇರೆ ಯಾರೋ ಬಂದರು. ಪರದೆ ಖಾಲಿಯಿತ್ತಂತೆ.

ಭಾನುವಾರ ಸ್ಟೇಷನ್ನಿಗೆ ಹೋದೆ. ಹಂಪೇಶ್ ತಮ್ಮ ತಂಡದ ಜೊತೆ ಕಿಟಕಿಯ ಪಕ್ಕ ಕೂತಿದ್ದರು. ಜನ ತಿರುಗಿ ನೋಡುವಷ್ಟು ಜೋರಾಗಿ "ಇರ್ರಿ" ಎಂದೆ. ಅವರು ಕೇಳಿಸಿಕೊಂಡರು. ಮುಖ ತಿರುಗಿಸಲಿಲ್ಲ, ಇಳಿಯಲೂ ಇಲ್ಲ. ರೈಲು ಹೋಯಿತು.

ಮೂರು ವರ್ಷ ಕಾಯುವುದು ನನಗೇನು ದೊಡ್ಡದಲ್ಲ ಎಂದು ವಿರುಪಮ್ಮನಿಗೆ ಹೇಳಿದ್ದೇನೆ. ಅದೂ ಸುಳ್ಳೇ.