ನದಿಗೆ ಹಾಕಿದ ಬಾಣ

ಕಸ್ತೂರಿ ಆರ್ಕ್ಟಿಕ್ ಕಂಡವಳಲ್ಲ, ಕಾಣುವ ಹಂಬಲವೂ ಅವಳಿಗಿರಲಿಲ್ಲ. ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಲ್ಲಿ ಕೂತು, ಉಪಗ್ರಹದ ಚಿತ್ರ ನೋಡಿಕೊಂಡು, ಉತ್ತರ ಕೆನಡಾದ ನದಿಗಳಿಗೆ ನಕ್ಷೆಯಲ್ಲಿ ಗೆರೆ ಎಳೆಯುವುದು ಅವಳ ಕೆಲಸ. ಮರವಿಲ್ಲದ, ಮನೆಯಿಲ್ಲದ ಆ ಬಯಲಿನ ಮುನ್ನೂರು ಹೊಳೆಗಳು ಎರಡು ವರ್ಷದಲ್ಲಿ ಅವಳ ಕೈ ದಾಟಿದ್ದವು. ಗೆರೆ ಎಳೆದ ಮೇಲೆ ನೀರು ಎತ್ತ ಹರಿಯುತ್ತದೆಂದು ಒಂದು ಬಾಣ ಹಾಕಬೇಕು, ಅಷ್ಟೇ.

2016ರ ಜೂನಿನ ಒಂದು ಶುಕ್ರವಾರ ಮಧ್ಯಾಹ್ನ, ಹಿಮ ಒಡೆಯುವ ಕಾಲದ ಹೊಸ ಚಿತ್ರ ಬಂತು. ಒಂದು ನದಿಯ ನಡುಗಡ್ಡೆಗೆ ಮಂಜುಗಡ್ಡೆಯ ಚಪ್ಪಡಿಗಳು ಪೂರ್ವದಿಂದ ತೇಲಿಬಂದು ಒತ್ತಿಕೊಂಡಿದ್ದವು. ಅಂದರೆ ನೀರು ಪಶ್ಚಿಮಕ್ಕೆ ಹರಿಯುತ್ತಿತ್ತು. ಕಸ್ತೂರಿಯ ಬಾಣ ಪೂರ್ವಕ್ಕೆ ಮುಖ ಮಾಡಿತ್ತು. ನೆಲವೋ ರೊಟ್ಟಿಹಂಚಿನಷ್ಟು ಮಟ್ಟಸ. ಇಳಿಜಾರು ಗೊತ್ತಾಗದ ಕಡೆ ಶ್ರೀರಂಗಪಟ್ಟಣದ ಈ ಮಹಾರಾಯಿತಿ ಕಾವೇರಿ ಹರಿಯುವ ದಿಕ್ಕಿಗೇ ಬಾಣ ತಿರುಗಿಸಿದ್ದಳು. ಯೋಚನೆಯನ್ನೇ ಮಾಡಿರಲಿಲ್ಲ.

ಮುಂದಿನ ವಾರ ಹಕ್ಕಿ ಎಣಿಸುವ ಇಬ್ಬರನ್ನು ಪುಟ್ಟ ವಿಮಾನ ಆ ನದಿಯ ದಡಕ್ಕೆ ಬಿಡಲಿತ್ತು. ಹತ್ತು ದಿನ ರಬ್ಬರ್ ದೋಣಿಯಲ್ಲಿ ನೀರು ಒಯ್ದ ಕಡೆ ಹೋಗುವವರು ಅವರು. ದಾರಿಯ ಊಟದ ಪೆಟ್ಟಿಗೆಗಳನ್ನು ಅವಳ ನಕ್ಷೆ ನೋಡಿ ಪೂರ್ವದಲ್ಲಿ ಇಟ್ಟಾಗಿರಬೇಕು. ಇತ್ತ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಅವಳು ಹಾಕಬೇಕಿದ್ದ ಪಿಆರ್ ಅರ್ಜಿಗೆ ಕಂಪನಿಯ ಪತ್ರ ಟೀಮ್ ಲೀಡ್ ನಟರಾಜನ ಸಹಿಗೆ ಕಾಯುತ್ತಿತ್ತು. ಬಾಯಿ ಮುಚ್ಚಿಕೊಂಡಿರುವ ಆಸೆ ಅವಳಿಗೂ ಆಯಿತು. ಆದರೂ ಎದ್ದು ಹೋದಳು.

"ನಟರಾಜ್, ನಾನೊಂದು ಬಾಣ ಉಲ್ಟಾ ಹಾಕ್ಬಿಟ್ಟಿದೀನಿ."

ಎಲ್ಲ ಕೇಳಿ ನಟರಾಜ ಹಣೆ ಒತ್ತಿಕೊಂಡ. "ಈ ಆರ್ವೋನೇ, ಶುಕ್ರವಾರ ಮಧ್ಯಾಹ್ನಾನೇ ಹೇಳ್ಬೇಕಿತ್ತಾ ಕಸ್ತೂರಿ? ಇದು ರಿಪೋರ್ಟ್ ಆದ್ರೆ ನಿಮ್ಮ ಲೆಟರ್ ನಾನು ಸೈನ್ ಮಾಡಕ್ಕಾಗಲ್ಲ."

"ಗೊತ್ತು. ಮೊದ್ಲು ಅಲ್ಲಿಗೆ ಫೋನ್ ಮಾಡಿ."

ಅಲ್ಲಿ ರಾತ್ರಿಯಾಗಿದ್ದರೂ ಸೂರ್ಯ ಮುಳುಗದ ಕಾಲ. ಆ ಪುಟ್ಟ ವಿಮಾನದ ಪೈಲಟ್ ಎದ್ದೇ ಇದ್ದ. ವಿಷಯ ಕೇಳಿ ಸ್ಪೀಕರಿನಲ್ಲಿ ಗಹಗಹಿಸಿ ನಕ್ಕ. ಪೆಟ್ಟಿಗೆ ಪಶ್ಚಿಮದಲ್ಲೇ ಇಟ್ಟಿದ್ದೇನೆ, ನೀರು ಎತ್ತ ಹೋಗುತ್ತದೆಂದು ನನ್ನ ಕಣ್ಣಿಗೆ ಕಾಣುವುದಿಲ್ಲವೇ, ನಿಮ್ಮ ನಕ್ಷೆಗಳನ್ನು ನಾನು ಬಿಚ್ಚಿದ್ದೇ ಇಲ್ಲ, ಎಂದ.

"ಬಚಾವ್! ಯಾರೂ ನೋಡೇ ಇಲ್ಲ ಅಂದ್ಮೇಲೆ ರಿಪೋರ್ಟ್ ಏನು ಬರೆಯೋದು?" ಎಂದು ನಟರಾಜ ಆಗಲೇ ಸಹಿ ಹಾಕಿ ಪತ್ರವನ್ನು ಅವಳ ಕಡೆ ತಳ್ಳಿದ.

ಕಸ್ತೂರಿಗೆ ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಅಳು, ಸಿಟ್ಟು ಎರಡೂ ಉಕ್ಕಿಬಂದವು. ಪತ್ರವನ್ನು ಅವಳು ಮುಟ್ಟಲಿಲ್ಲ.

"ಮುನ್ನೂರು ನದಿ ನಟರಾಜ್, ಅವ್ರು ಒಂದನ್ನಾದ್ರೂ ಬಿಚ್ಚಿ ನೋಡ್ಬಾರ್ದಿತ್ತಾ?"