ನೆಲ ಒರೆಸಿದ ಮೇಲೆ ಬಂದ ಕಳ್ಳ

ಎಸಿಯ ನೀರು ಬಕೆಟ್ಟಿಗೆ ಬೀಳುತ್ತಿದೆ, ಟಪ್ಪೆಂದು, ಮತ್ತೆ ಟಪ್ಪೆಂದು, ಹೊರಗೆ ಕೊಲ್ಲಿನಾಡಿನ ಮದೀನತ್ ಸುಲ್ತಾನ್ ಖಾಬೂಸಿನ ಬಿಳಿ ಗೋಡೆಗಳ ಮೇಲೆ ಮಧ್ಯಾಹ್ನ ನಿದ್ದೆ ಹೋಗಿದೆ, ಇವ್ಲಿನ್ ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಪ್ಲೇ ಒತ್ತಿದ್ದಾಳೆ, ಇನ್ನೇನು ಬಂದೀತು ಮಾಯ್‌ಯ ದನಿ, ಮಣ್ಣಿಗೆ ಹೋಗಿ ಎಷ್ಟೋ ವರ್ಷವಾದ ಅಮ್ಮನ ದನಿ, ಮಂಗಳೂರಿನಿಂದ ಅಣ್ಣನ ಮಗ ಆಶ್ಲೆ ಹಳೆಯ ಕ್ಯಾಸೆಟ್ಟಿನಿಂದ ಎತ್ತಿ ಕಳಿಸಿದ್ದು — ಬಂತು, ಮಾಯ್ ಆಡುತ್ತಿದ್ದ ರೇಡಿಯೋ ನಾಟಕದ ಬಾಯಿಬಡುಕಿ ಹೆಂಡತಿ, ವಾರವಾರವೂ ಗಂಡನ ನೀರಿಳಿಸುತ್ತಿದ್ದವಳು, ಬಸ್ಸಿನಲ್ಲಿ ಮಾಯ್ ಟಿಕೆಟ್ ಕೇಳಿದರೆ ಜನ ತಿರುಗಿ ನೋಡುತ್ತಿದ್ದರು, ಓ, ಅದೇ ಸ್ವರ, ಮನೆಯಲ್ಲಿ ಮಾತ್ರ ಬಾಯಿಗೆ ಬೀಗ, ಪಪ್ಪ ಕೇಳಿದ್ದಕ್ಕೆ ಒಂದು ಹ್ಞೂಂ, ಕೇಳದ್ದಕ್ಕೆ ಅದೂ ಇಲ್ಲ, ನಗುವಂತೂ ದೇವರಾಣೆಗೂ ಇಲ್ಲ, ಊರನ್ನೆಲ್ಲ ನಗಿಸಿ ಬಂದು ಸುಮ್ಮನೆ ಮೀನು ಕೊಯ್ಯಲು ಕೂರುತ್ತಿದ್ದಳು, ಪಾಪ, ಎಂಥ ಪಾಪ ಅನಿಸುತ್ತದೆ ಈಗ.

ಒಂದೇ ಒಂದು ಸಲ ನಕ್ಕಿದ್ದಳು. ಆ ನಗು ಹೇಗಿತ್ತೆಂದು ಇವ್ಲಿನ್‌ಗೆ ಮರೆತೇಹೋಗಿದೆ, ಅದು ಈ ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ, ಅದಕ್ಕಾಗಿಯೇ ಈ ಕಾಯುವಿಕೆ — ಅಂದು ಪಪ್ಪ ಟೇಪ್‌ರೆಕಾರ್ಡರನ್ನು ರೇಡಿಯೋದ ಎದುರಿಗೆ ಹಿಡಿದು ಇಟ್ಟಿದ್ದಾರೆ, ಫ್ಯಾನ್ ಆರಿಸಿದ್ದಾರೆ, ಅಂಗಳದ ಕೋಳಿಗಳನ್ನೂ ಅಟ್ಟಿದ್ದಾರೆ, ಕೆಂಪು ದೀಪ ಹೊತ್ತಿದ ಮೇಲೆ ಯಾರೂ ಕೆಮ್ಮುವಂತಿಲ್ಲ, ಸ್ಟೇಷನ್ನಿನಲ್ಲಿ ಮೊದಲೇ ಆಡಿಬಂದ ನಾಟಕ, ಹಾಗಾಗಿ ಮಾಯ್ ಕೂಡ ಎಲ್ಲರೊಟ್ಟಿಗೆ ನೆಲದ ಮೇಲೆ ಕೂತು ತನ್ನನ್ನೇ ಕೇಳುತ್ತಿದ್ದಾಳೆ, ಬಾಗಿಲು ಕಿರ್ರೆಂದಿತು, ಕಳ್ಳ ಒಳಗೆ ಬಂದ, ಗಂಡ ಮಂಚದಡಿ ಸೇರಿದ, ಹೆಂಡತಿ ಮಾತ್ರ, ಏಯ್, ಬೇಕಾದ್ದು ಕದ್ದುಕೊಂಡು ಹೋಗು, ಕಾಲು ಒರೆಸದೆ ಒಳಗೆ ಬರಬೇಡ, ಈಗಷ್ಟೇ ನೆಲ ಒರೆಸಿದ್ದೇನೆ — ಮಾಯ್ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಭುಜ ಕುಣಿಯುತ್ತಿತ್ತು, ಕೊನೆಗೆ ತಡೆಯಲಾಗದೆ ನಗು ಸೆರಗನ್ನೂ ದಾಟಿ ಬಂತು, ಬಿದ್ದು ಬಿದ್ದು ನಕ್ಕಳು, ರೆಕಾರ್ಡಿಂಗ್ ಹಾಳಾಯ್ತಲ್ಲ ಎಂದು ಪಪ್ಪ ಸಿಡುಕಿದರು.

ಈಗ ಮೊಬೈಲಿನಲ್ಲೂ ಬಾಗಿಲು ಕಿರ್ರೆನ್ನುತ್ತದೆ, ಕಳ್ಳ ಬರುತ್ತಾನೆ, ಈಗಷ್ಟೇ ನೆಲ ಒರೆಸಿದ್ದೇನೆ — ಮತ್ತೆ ಏನೂ ಇಲ್ಲ. ಮಂಚದಡಿಯಿಂದ ಗಂಡ ಮಾತಾಡುತ್ತಾನೆ. ಹಿಂದಕ್ಕೆ ಎಳೆದು ಕೇಳುತ್ತಾಳೆ, ಇಲ್ಲ, ಇನ್ನೊಮ್ಮೆ, ಇಲ್ಲ, ಆಶ್ಲೆಗೆ ಫೋನ್ ಮಾಡುತ್ತಾಳೆ, ಎಷ್ಟು ಖುಷಿ ಹುಡುಗನಿಗೆ, ಕ್ಲಿಯರ್ ಉಂಟಲ್ಲ ಆಂಟಿ, ಗಲಾಟೆ ಎಲ್ಲ ತೆಗ್ದಿದ್ದೇನೆ, ಮಧ್ಯದಲ್ಲಿ ಯಾರೋ ಒಂದು ಹೆಂಗಸು ಜೋರು ನಗ್ತಾ ಇದ್ರು, ಅಜ್ಜಿಯ ಸ್ವರವೇ ಕೇಳ್ತಿರ್ಲಿಲ್ಲ, ಅದನ್ನೂ ತೆಗ್ದೆ. ಮತ್ತೆ ಆ ಕ್ಯಾಸೆಟ್? ಅದು ಸಿಕ್ಕಿಹಾಕ್ಕೊಂಡು ತುಂಡಾಯ್ತು ಆಂಟಿ, ಮೊದಲಿನ ಫೈಲಿನ ಮೇಲೆಯೇ ಇದನ್ನು ಸೇವ್ ಮಾಡಿದ್ದು, ಯಾಕೆ? ಏನಿಲ್ಲ ಮಗಾ, ಚೆನ್ನಾಗಿ ಉಂಟು, ಅಂದಳು, ಎಸಿಯ ನೀರು ಬೀಳುತ್ತಿದೆ, ಬೆರಳು ತಾನಾಗಿ ಹಿಂದಕ್ಕೆ ಎಳೆಯುತ್ತದೆ, ಬಾಗಿಲು, ಕಳ್ಳ, ನೆಲ ಒರೆಸಿದ್ದೇನೆ — ಬಾಯಿಗೆ ತುರುಕಿದ ಸೆರಗು, ಕುಣಿಯುವ ಭುಜ, ಸದ್ದಿಲ್ಲ, ಮತ್ತೆ ಬಾಗಿಲು, ಕಳ್ಳ, ನೆಲ — ಬಾಯಿಗೆ ತುರುಕಿದ ಸೆರಗು, ಕುಣಿಯುವ ಭುಜ,