ಅಳಿಸಿದ ಮೇಲೆ ಓಡಿದ ದೂರ

ಕಾರಿನ ದೋಷ ಓದುವ ಹೊಸ ಸ್ಕ್ಯಾನರಿನ ಪುಟ್ಟ ಪರದೆಯ ಮೇಲೆ ಮೂಡಿದ ಸಾಲನ್ನು ಸೊಸೆ ಮತ್ತೊಮ್ಮೆ ಓದಿಕೊಂಡು, ಪರದೆಯನ್ನು ಅತ್ತೆಯ ಕಡೆಗೆ ತಿರುಗಿಸಿದಳು. ಕಾರಿನ ಬಾಗಿಲು ತೆರೆದೇ ಇತ್ತು. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ ವೈರು ಅವಳ ಮೊಣಕಾಲಿನ ಮೇಲೆ ಹಾದು ಬಂದಿತ್ತು.

“ಅಳಿಸಿದ ಮೇಲೆ ಓಡಿದ ದೂರ, ಸೊನ್ನೆ,” ಎಂದಳು. “ನಿನ್ನೆ ಸಂಜೆ ನಾನು ಬಂದಾಗ ಎಂಜಿನ್ ದೀಪ ಉರೀತಾನೇ ಇತ್ತು ಅತ್ತೆ. ಈಗಿಲ್ಲ. ಗಾಡಿ ಗೇಟು ದಾಟಿಲ್ಲ. ಯಾರೋ ಇಲ್ಲೇ ಕೂತು ದೋಷದ ಗುರುತನ್ನ ಅಳಿಸಿದಾರೆ.”

ಯಾರೋ ಎಂದಳೇ ಹೊರತು ಯಾರೆಂದು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಬೆಳಿಗ್ಗೆ ಮುದುಕಿ ಪ್ರಾರ್ಥನೆಗೆ ಕೂತಿದ್ದಾಗ ಹಿರಿಯ ಮಗ ಬಂದು, ಟೈರಿನ ಗಾಳಿ ನೋಡ್ತೀನಿ, ಕೀ ಎಲ್ಲಿ ಎಂದು ಕೇಳಿದ್ದ. ಕಣ್ಣು ಮುಚ್ಚಿಕೊಂಡೇ ಗೋಡೆಯ ಮೊಳೆಯತ್ತ ಕೈ ತೋರಿಸಿದವಳು ಅವಳೇ.

ಕಾರು ಕಿರಿಯ ಮಗನದು. ಅವನು ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ನರ್ಸ್ ಆಗಿದ್ದ ಸೊಸೆ ಈಗ ಅದೇ ಕಾರಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟು ಬದಲಾಯಿಸಿ ಬರುತ್ತಿದ್ದಳು. ಏರು ಹತ್ತುವಾಗ ದೀಪ ಹತ್ತುತ್ತದೆ, ಎಂಜಿನ್ ಮುಗ್ಗರಿಸುತ್ತದೆ ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ಮೆಕ್ಯಾನಿಕ್ಕನ ಬಳಿ ಒಯ್ಯುವ ಹೊತ್ತಿಗೆ ದೀಪ ಆರಿರುತ್ತಿತ್ತು. ಅವನು ನೋಡಿ, ಏನೂ ಇಲ್ವಲ್ಲಮ್ಮ ಎಂದು ಕಳಿಸುತ್ತಿದ್ದ. ಹಿರಿಯ ಮಗ ಮೆಲ್ಲಗೆ ತಾಯಿಯ ಕಿವಿಯಲ್ಲಿ ಊದಿದ್ದ: ಪಾಪ, ಗಂಡ ಹೋದ ಸಂಕಟ, ಅವಳಿಗೆ ಇಲ್ಲದ್ದೆಲ್ಲ ಕಾಣುತ್ತೆ, ನಾಲ್ಕು ದಿನ ಮನೇಲಿರೋಕೆ ಹೇಳು. ತಾಯಿ ಹೇಳಿಯೂ ಇದ್ದಳು. ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಹೋದ ವಾರ ಏರಿನ ನಟ್ಟನಡುವೆ ಕಾರು ನಿಂತೇಬಿಟ್ಟಿತು. ಹಿಂದಿನಿಂದ ಬಂದ ಲಾರಿ ಕೂದಲೆಳೆಯ ಅಂತರದಲ್ಲಿ ಪಕ್ಕಕ್ಕೆ ಹೋಯಿತು. ಮರುದಿನ ಒಯ್ದಾಗ ದೀಪ ಮತ್ತೆ ಆರಿತ್ತು. ಆದರೆ ಬೆವೆತು ಬಂದು ನಿಂತ ಅವಳ ಮುಖ ನೋಡಿದ ಮೇಲೆ ಮೆಕ್ಯಾನಿಕ್ಕನಿಗೆ ಅನುಮಾನ ಬಂತು. ಮನೆಯಲ್ಲಿ ಯಾರ ಹತ್ತಿರವಾದರೂ ಸ್ಕ್ಯಾನರ್ ಇದೆಯೇ ಎಂದು ವಿಚಾರಿಸಿದ. ಭಾವನ ಬಳಿ ಒಂದಿದೆ ಎಂದಳು. ಫೋನಿಗೆ ಜೋಡಿಸುವ ಬೆರಳುದ್ದದ ಡಬ್ಬಿಗಳಲ್ಲಿ ಕೆಲವು, ದೋಷ ಸೂಚಿಸುವ ಕೋಡ್ ತೋರಿಸುವುದು, ಅಳಿಸುವುದು ಇಷ್ಟೇ ಮಾಡುತ್ತವೆ. ಅಳಿಸಿದಾಗ ಕೋಡಿನ ಜೊತೆಗೆ ಆ ಹೊತ್ತಿನಲ್ಲಿ ಎಂಜಿನ್ ಹೇಗಿತ್ತೆಂಬ ವಿವರವೂ ಅಳಿಸಿಹೋಗುತ್ತದೆ ಎಂದ. ಕೊಳ್ಳುವುದಾದರೆ ಅಳಿಸಿ ಎಷ್ಟು ದೂರವಾಯಿತೆಂದು ತೋರಿಸುವಂಥದನ್ನು, ಕಾಯಂ ಕೋಡ್ ಓದುವಂಥದನ್ನು ಕೊಳ್ಳಿ ಎಂದ. ಅವಳು ಅಂಗಡಿಯಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ಈ ಎರಡನ್ನೇ ಕೇಳಿ ಕೇಳಿ ಇದನ್ನು ಆರಿಸಿ ತಂದಿದ್ದಳು.

ಈಗ ಅವಳು ಇನ್ನೊಂದು ಗುಂಡಿ ಒತ್ತಿದಳು. “ಕಾಯಂ ಕೋಡ್ ಒಂದು ಉಳಿದಿದೆ ಅತ್ತೆ. ಇದು ಯಾರು ಏನು ಒತ್ತಿದರೂ ಹೋಗಲ್ಲವಂತೆ. ರಿಪೇರಿಯಾದ ಮೇಲೆ ತಾನಾಗೇ ಹೋಗಬೇಕು. ಎಂಜಿನ್ನಿಗೆ ಪೆಟ್ರೋಲು ಸರಿಯಾಗಿ ಬರ್ತಾ ಇಲ್ಲ.”

ಹಿರಿಯ ಮಗ ಮಧ್ಯಾಹ್ನ ಬಂದ. ಕಚೇರಿಯಲ್ಲಿ ಗುಮಾಸ್ತನಾದರೂ ನೆಂಟರಿಷ್ಟರ ಬಾಯಲ್ಲಿ ಅವನು ಡಾಕ್ಟರು. ಹೆಗಲ ಚೀಲದಲ್ಲಿ ತಲೆನೋವಿನ ಮಾತ್ರೆ, ಟೆಸ್ಟರು, ಅಂಟು, ಸ್ಕ್ಯಾನರು ಎಲ್ಲ ಒಟ್ಟಿಗೇ ಇರುತ್ತಿದ್ದವು. ಯಾರಾದರೂ ಉಸ್ಸಪ್ಪಾ ಎಂದರೆ ಸಾಕು, ಚೀಲದ ಜಿಪ್ಪು ತೆರೆಯುತ್ತಿತ್ತು. ಮಗನ ಈ ಹೆಸರು ಕೇಳಿ ತಾಯಿ ಎಷ್ಟೋ ವರ್ಷ ಬೀಗಿದ್ದಳು.

ಸೊಸೆಯ ಕೈಯಲ್ಲಿದ್ದ ಯಂತ್ರ ಕಂಡು ಅವನು ನಕ್ಕ. “ಏನಮ್ಮಾ, ಮನೇಲಿ ಒಂದಿರುವಾಗಲೇ ಸವತಿ ತಂದುಬಿಟ್ಟೆಯಲ್ಲ?”

ಬೆಳಿಗ್ಗೆ ಕಾರಿನಲ್ಲಿ ಏನು ಮಾಡಿದೆ ಎಂದು ತಾಯಿ ಕೇಳಿದಳು. ಗಾಳಿ ನೋಡಿದೆ ಎಂದ. ಸೊಸೆ ಪರದೆಯನ್ನು ಅವನ ಮುಂದೆ ಹಿಡಿದಳು. ಅವನು ಓದಿದ, ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. ಆಮೇಲೆ ಮಾತು ಹರಿಯಿತು. ಅದು ಬರೀ ಸೆನ್ಸರಿನ ತಂಟೆ, ಸುಮ್ಮಸುಮ್ಮನೆ ಹತ್ತುತ್ತದೆ. ದೀಪ ನೋಡಿ ಇವಳು ಹೆದರುವುದು, ಇವಳನ್ನು ನೋಡಿ ನೀನು ಹೆದರುವುದು ಬೇಡವೆಂದು ಅಳಿಸಿದೆ. ಈ ಕಾರನ್ನು ತಮ್ಮನಿಗೆ ಆರಿಸಿ ಕೊಡಿಸಿದವನು ನಾನು. ಇದರಲ್ಲಿ ಐಬಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?

“ಲಾರಿ ಬಂತು ಭಾವ,” ಎಂದಳು ಸೊಸೆ. ದನಿ ಏರಿಸಲಿಲ್ಲ. “ನೀವು ನನ್ನ ತಲೆ ಕೆಟ್ಟಿದೆ ಅಂದ್ರಿ. ನಾನೂ ಇರಬಹುದು ಅಂದುಕೊಂಡೆ.”

ಮುದುಕಿ ಗೋಡೆ ಹಿಡಿದು ಎದ್ದು ನಿಂತಳು. ವರ್ಷವೆಲ್ಲ ದೇವರ ಮುಂದೆ ಕೂತರೂ ಆಡಲಾಗದ ಮಾತೊಂದಿತ್ತು. ಈಗ ಅದು ತಾನಾಗಿಯೇ ಹೊರಬಿತ್ತು.

“ನಿನ್ನ ತಮ್ಮನ ಎದೆನೋವಿಗೂ ಹೀಗೇ ಮಾಡಿದೆ ಕಣೋ. ಗ್ಯಾಸು ಅಂದೆ. ಮಾತ್ರೆ ಕೊಟ್ಟೆ. ನೋವು ಅಡಗಿತು. ನಕ್ಕೊಂಡು ಊಟ ಮಾಡಿ ಮಲಗಿದ. ಆಸ್ಪತ್ರೆಗೆ ಹೋಗ್ತೀನಿ ಅಂದವನನ್ನ ನೀನು ಮಲಗಿಸಿದೆ.”

ಅವನ ಮುಖ ಸುಣ್ಣದಂತಾಯಿತು. ಮರುಗಳಿಗೆ ಅವನಿಗೂ ರೇಗಿತು.

“ನುಂಗೋಕೆ ನೀರು ತಂದು ಕೊಟ್ಟಿದ್ದು ಯಾರಮ್ಮಾ?”

ಸೊಸೆ ತಲೆ ತಗ್ಗಿಸಿ ವೈರನ್ನು ಬೆರಳಿಗೆ ಸುತ್ತತೊಡಗಿದಳು. ಮುದುಕಿಗೆ ಆ ಲೋಟ ಕಣ್ಣ ಮುಂದೆ ಬಂತು. ಅಣ್ಣ ಹೇಳಿದ ಮೇಲೆ ಮುಗೀತು, ನುಂಗು ಎಂದು ಗದರಿದವಳು ತಾನು. ಮಗನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದೇ ಕೈಯಿಂದ ತನ್ನ ಕೆನ್ನೆಗೂ. ದಿನವೂ ಕೂರಿಸಿಕೊಂಡು ಒಂದು ಮಾತೂ ಆಡದ ದೇವರ ಮೇಲೂ ಕೆಂಡದಂಥ ಸಿಟ್ಟು ಬಂತು.

“ನಾನೇ ಕೊಟ್ಟೆ,” ಎಂದಳು. “ಇಬ್ಬರೂ ಸೇರೇ ಮಾಡಿದ್ದು. ಇವಳನ್ನ ಕಳಕೊಳ್ಳೋಕೆ ನನ್ನ ಕೈಲಾಗಲ್ಲ. ಗಾಡಿ ಹತ್ತು. ಮೆಕ್ಯಾನಿಕ್ಕನಿಗೆ ನಿನ್ನ ಬಾಯಿಂದಲೇ ಹೇಳು, ಎಷ್ಟು ಸಲ ಅಳಿಸಿದೆ ಅಂತ.”

ಚೀಲವನ್ನು ಮೆಟ್ಟಿಲ ಮೇಲಿಟ್ಟು ಅವನು ಹಿಂದಿನ ಸೀಟಿನಲ್ಲಿ ಕೂತ. ತಾಯಿ ಮುಂದೆ ಕೂತಳು. ಸೊಸೆ ಕಾರು ಹೊರಡಿಸಿದಳು.

ಏರು ಅರ್ಧ ಮುಗಿಯುವಷ್ಟರಲ್ಲಿ ಎಂಜಿನ್ ಎರಡು ಸಲ ಬಿಕ್ಕಿತು. ಹಳದಿ ದೀಪ ಹತ್ತಿತು. ಕಾರು ನಿಂತಿತು. ಸೊಸೆ ಬ್ರೇಕು ತುಳಿದು ಹಿಡಿದಳು. ಹಿಂದಿನ ಗಾಡಿಗಳು ಒಂದೇ ಸಮನೆ ಹಾರ್ನ್ ಬಾರಿಸತೊಡಗಿದವು. ಹಿರಿಯ ಮಗ ತಮ್ಮನ ಕಾರಿನ ಆ ದೀಪವನ್ನೇ ಒಂದು ಗಳಿಗೆ ನೋಡಿದ. ಬಾಗಿಲು ತೆಗೆದು ಇಳಿದ. ಹಿಂದಿನವರಿಗೆ ಕೈ ಮಾಡಿ ತಡೆದು, ಬ್ರೇಕು ಸಡಿಲಿಸಿ ಪಕ್ಕದ ಮಣ್ಣಿನ ಜಾಗಕ್ಕೆ ತಿರುಗಿಸಲು ಸೊಸೆಗೆ ಹೇಳಿ, ಡಿಕ್ಕಿಗೆ ಹೆಗಲು ಕೊಟ್ಟು ನೂಕಿದ. ಕಾರು ಅಲ್ಲಾಡಲಿಲ್ಲ. ಮತ್ತೆ ನೂಕಿದ. ಅವನ ಚಪ್ಪಲಿ ಜಾರಿತು.

ಮುದುಕಿ ಬಾಗಿಲು ತೆರೆದು ಮೆಲ್ಲಗೆ ಇಳಿದಳು. ಕಾರನ್ನು ಹಿಡಿದುಕೊಂಡೇ ಹಿಂದಕ್ಕೆ ಬಂದು ಅವನ ಪಕ್ಕದಲ್ಲಿ ನಿಂತಳು. ನೀನು ಬಿಡಮ್ಮ ಎಂದು ಅವನು ಮುಖ ತಿರುಗಿಸಿಕೊಂಡೇ ಹೇಳಿದ. ಅವಳು ಅವನತ್ತ ನೋಡಲಿಲ್ಲ. ಎರಡೂ ಅಂಗೈಗಳನ್ನು ಅವನ ಕೈಗಳ ಪಕ್ಕದಲ್ಲಿ ಊರಿದಳು. ಬಿಸಿಲಿಗೆ ಕಾದ ತಗಡು ಸುಡುತ್ತಿತ್ತು. ಇಬ್ಬರೂ ಕೈ ತೆಗೆಯಲಿಲ್ಲ.